ನಾವಿಕ್ ತಲೆಯ ಮೇಲಿದ್ದರೂ ನನ್ನ ಗದ್ದೆ ಹೊತ್ತಿಗೊಂದು ಅಳತೆ ತೋರಿಸುವುದೇಕೆ?

ಬದುವಿನ ಬೇವು (ಪಾಂಡವಪುರ ತಾಲ್ಲೂಕು) · 2025 ಆಗಸ್ಟ್ 12, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ಪಹಣಿಯಲ್ಲಿ ನನ್ನ ಗದ್ದೆ 1 ಎಕರೆ 38 ಗುಂಟೆ. ಪಕ್ಕದ ಜಮೀನು ನಮ್ಮ ದಾಯಾದಿಗಳದು. ಹೋದ ವರ್ಷ ಕಬ್ಬು ನಾಟಿಗೆ ಮುಂಚೆ ಉಳುಮೆ ಮಾಡಿಸುವಾಗ ಅವರು ಬದುವನ್ನು ನನ್ನ ಕಡೆಗೆ ಒತ್ತಿದ್ದಾರೆ ಎಂಬುದು ನನ್ನ ಅನುಮಾನ.

ಮೊನ್ನೆ ಮಗನ ಹೊಸ ಮೊಬೈಲ್‌ನಲ್ಲಿ ಜಮೀನು ಅಳೆಯುವ ಆಪ್ ಹಾಕಿಸಿಕೊಂಡು ಬದುವಿನ ಮೇಲೆ ಪೂರ್ತಿ ಸುತ್ತಿದೆ. ಬೆಳಿಗ್ಗೆ 1 ಎಕರೆ 34 ಗುಂಟೆ ತೋರಿಸಿತು. ನಾಲ್ಕು ಗುಂಟೆ ಹೋಯಿತಲ್ಲ ಎಂದು ನೇರವಾಗಿ ದಾಯಾದಿಗಳ ಮನೆಗೆ ಹೋಗಿ ಜೋರಾಗಿಯೇ ಕೇಳಿಬಂದೆ. ಸಂಜೆ ಮತ್ತೆ ಅದೇ ಬದುವಿನ ಮೇಲೆ ಸುತ್ತಿದರೆ 2 ಎಕರೆ 1 ಗುಂಟೆ! ಈಗ ಅವರ ಮುಂದೆ ಯಾವ ಅಂಕಿ ಇಟ್ಟುಕೊಂಡು ಮಾತನಾಡಲಿ?

ಮೊಬೈಲ್ ಡಬ್ಬಿಯ ಮೇಲೆ ನಾವಿಕ್ ಎಂದು ಬರೆದಿದೆ, ಅಂದರೆ ನಾವಿರುವ ಜಾಗ ತೋರಿಸುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ. ನಮ್ಮದೇ ಏಳು ಉಪಗ್ರಹಗಳು ನಮ್ಮ ದೇಶದ ತಲೆಯ ಮೇಲೆಯೇ ಇವೆ ಎಂದು 2016ರಲ್ಲಿ ಪತ್ರಿಕೆಯಲ್ಲಿ ಓದಿ ಎಷ್ಟು ಸಂತೋಷಪಟ್ಟಿದ್ದೆ. ಅಷ್ಟಿದ್ದೂ ಒಂದು ಗದ್ದೆಯನ್ನು ಸರಿಯಾಗಿ ಅಳೆಯಲು ಆಗುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ಹಳೆ ಸರಪಳಿ (ಮಂಡ್ಯ) · ರಾತ್ರಿ 9.05

ಮೊದಲು ಒಂದು ಮಾತು. ಆಪ್‌ನ ಅಂಕಿ ಹಿಡಿದು ಇನ್ನೊಮ್ಮೆ ಯಾರ ಮನೆಗೂ ಹೋಗಬೇಡಿ. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತನಾದವನು ನಾನು. ಈಚೆಗೆ ಮೊಬೈಲ್‌ನಿಂದ ಶುರುವಾದ ಬದುವಿನ ಜಗಳಗಳನ್ನು ಬೇಕಾದಷ್ಟು ನೋಡಿದ್ದೇನೆ.

ಲೆಕ್ಕ ಕೇಳಿ. ನಮ್ಮ ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಈಗಿನ ಲೆಕ್ಕದಲ್ಲಿ ಸುಮಾರು 101 ಚದರ ಮೀಟರ್. ಬಯಲಿನಲ್ಲಿ ಒಳ್ಳೆಯ ಮೊಬೈಲ್ ಕೂಡ ನೀವು ನಿಂತ ಜಾಗವನ್ನು ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ನೂರು ಮೀಟರ್ ಉದ್ದದ ಬದುವೊಂದು ಐದು ಮೀಟರ್ ಸರಿದು ಕಂಡರೆ 500 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಐದು ಗುಂಟೆ. ನಿಮ್ಮ ಬೆಳಗಿನ ಅಂಕಿ, ಸಂಜೆಯ ಅಂಕಿ ಎರಡೂ ಆ ತಪ್ಪಿನ ಒಳಗೇ ಇವೆ. ನಿಮ್ಮ ದಾಯಾದಿ ಒಂದು ಹಿಡಿ ಮಣ್ಣನ್ನೂ ಮುಟ್ಟದೆ ಇರಬಹುದು.

ಪಹಣಿ ತೆಗೆದುಕೊಂಡು ಹೋಗಿ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಕೊಡಿ.

ತೆಂಗಿನಗರಿ (ಮದ್ದೂರು) · ರಾತ್ರಿ 9.11

ದಿಶಾಂಕ್ ಆಪ್‌ನಲ್ಲಿ ನೋಡಿದರೆ ಆಗುವುದಿಲ್ಲವೇ? ನಾನು ಅದರಲ್ಲೇ ನೋಡುವುದು.

ಹಳೆ ಸರಪಳಿ · ರಾತ್ರಿ 9.14

ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯಲು ಅದು ಬಹಳ ಒಳ್ಳೆಯದು. ಸೈಟು ಕೊಳ್ಳುವ ಮುಂಚೆ ಅದು ಕೆರೆಯೋ ಗೋಮಾಳವೋ ಎಂದು ನೋಡಲಿಕ್ಕೂ ಆಗುತ್ತದೆ. ಬಾಂದು ಕಲ್ಲು, ಅಂದರೆ ಗಡಿಯ ಕಲ್ಲು, ಎಲ್ಲಿ ಎಂದು ತೀರ್ಮಾನಿಸಲು ಅಲ್ಲ.

ಭೌತಶಾಸ್ತ್ರದ ಮೇಷ್ಟ್ರು (ಮೈಸೂರು, ಸರಸ್ವತಿಪುರಂ) · ರಾತ್ರಿ 9.50

ಬೇವು ಅವರ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಇದು ಬಹಳ ಜನರಲ್ಲಿ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉಪಗ್ರಹ ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಗದ್ದೆಯನ್ನೂ ಅಳೆಯುವುದಿಲ್ಲ. ಅದು ಸದಾ ಸಾರುತ್ತಿರುವುದು ಎರಡೇ ಮಾತು: ‘ನಾನು ಇರುವುದು ಇಲ್ಲಿ, ಈಗ ಗಂಟೆ ಇಷ್ಟು.’ ಆ ಮಾತು ನಿಮ್ಮ ಮೊಬೈಲಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಹೋಗುತ್ತದೆ. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪು. ಅದಕ್ಕಾಗಿಯೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇಡುತ್ತಾರೆ. ನಿಮ್ಮ ಮೊಬೈಲಿನಲ್ಲಿ ಅಂಥ ಗಡಿಯಾರ ಇಲ್ಲ. ಆದ್ದರಿಂದ ಉದ್ದ, ಅಗಲ, ಎತ್ತರ ಎಂಬ ಮೂರು ಲೆಕ್ಕದ ಜೊತೆಗೆ ಮೊಬೈಲ್ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕು. ನಾಲ್ಕು ಗೊತ್ತಿಲ್ಲದ ಸಂಖ್ಯೆಗೆ ನಾಲ್ಕು ಸಮೀಕರಣ, ಅಂದರೆ ಕನಿಷ್ಠ ನಾಲ್ಕು ಉಪಗ್ರಹ.

ತರಗತಿಯಲ್ಲಿ ಮಕ್ಕಳಿಗೆ ಇನ್ನೊಂದನ್ನೂ ಹೇಳುತ್ತೇನೆ. ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿ ಗುರುತ್ವ ಕಡಿಮೆ, ಆದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ವೇಗವಾಗಿ ಸುತ್ತುವುದರಿಂದ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಕಳೆದರೆ 38. ಐನ್‌ಸ್ಟೈನ್ ಹೇಳಿದ ಈ ತಿದ್ದುಪಡಿಯನ್ನು ಕೈಬಿಟ್ಟರೆ ದಿನಕ್ಕೆ 11 ಕಿ.ಮೀ.ನಷ್ಟು ತಪ್ಪು ಸೇರುತ್ತದೆ. ಎರಡೇ ದಿನದಲ್ಲಿ ಮೈಸೂರು ಶ್ರೀರಂಗಪಟ್ಟಣದ ಆಚೆಗೆ ಹೋಗಿ ನಿಲ್ಲುತ್ತದೆ!

ಲಾರಿ 275 · ರಾತ್ರಿ 10.02

ಮೇಷ್ಟ್ರೇ, ಇಷ್ಟು ಸೂಕ್ಷ್ಮ ಇದ್ದ ಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಾನು ಸರ್ವಿಸ್ ರಸ್ತೆಯಲ್ಲಿದ್ದರೆ ಮ್ಯಾಪ್ ಮುಖ್ಯ ಪಥದಲ್ಲಿದ್ದೇನೆ ಎನ್ನುವುದು ಏಕೆ? ಹೋದ ತಿಂಗಳು ಮದ್ದೂರಿನ ಹತ್ತಿರ ಇದನ್ನು ನಂಬಿ ಮುಂದಿನ ದಾರಿ ತಪ್ಪಿ, ಲೋಡು ಹೇರಿಕೊಂಡು ಹನ್ನೆರಡು ಕಿ.ಮೀ. ಸುತ್ತಿ ಬಂದೆ. ಡೀಸೆಲ್ ಖರ್ಚು ನನ್ನದೇ.

ಭೌತಶಾಸ್ತ್ರದ ಮೇಷ್ಟ್ರು · ರಾತ್ರಿ 10.09

ಎರಡು ರಸ್ತೆಯ ನಡುವಿನ ಅಂತರವೇ ಕೆಲವು ಮೀಟರ್, ಮೊಬೈಲಿನ ತಪ್ಪೂ ಅಷ್ಟೇ. ಆಗ ಮ್ಯಾಪ್ ತಾನೇ ಊಹಿಸಿ ನಿಮ್ಮನ್ನು ಒಂದು ರಸ್ತೆಗೆ ಅಂಟಿಸುತ್ತದೆ. ಆ ತಪ್ಪು ಉಪಗ್ರಹದ್ದಲ್ಲ, ನಕ್ಷೆ ಮಾಡುವ ಊಹೆಯದ್ದು.

ತೆಂಗಿನಗರಿ · ರಾತ್ರಿ 10.12

2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ಇಲ್ಲವಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರು ಮ್ಯಾಪ್ ಹೇಳಿತೆಂದು ಮೇಲೆ ಹತ್ತಿ ದಂಡ ಕಟ್ಟಿದ್ದಾರೆ. ಅವರಿಗೂ ಯಾರಾದರೂ ಇದನ್ನು ಹೇಳಬೇಕು.

ನಾಲೆಯಂಚು (ಮಳವಳ್ಳಿ) · ರಾತ್ರಿ 10.30

ಎಲ್ಲರೂ ಅಮೆರಿಕದ ಜಿಪಿಎಸ್ ಬಗ್ಗೆಯೇ ಹೇಳುತ್ತಿದ್ದೀರಿ. ಬೇವಣ್ಣ ಕೇಳಿದ್ದು ನಾವಿಕ್ ಬಗ್ಗೆ. ನೇರವಾಗಿ ಹೇಳುತ್ತೇನೆ, ನಾವಿಕ್ ಸೋತಿದೆ. ಹನ್ನೊಂದು ಉಪಗ್ರಹ ಹಾರಿಸಿ ಈಗ ಸ್ಥಾನ ಹೇಳಲು ಕೆಲಸ ಮಾಡುತ್ತಿರುವುದು ನಾಲ್ಕೇ ನಾಲ್ಕು. ಸರ್ಕಾರವೇ ಸಂಸತ್ತಿನಲ್ಲಿ ಇದನ್ನು ಹೇಳಿದೆ. ತೆರಿಗೆದಾರನಾಗಿ ನನಗೆ ಇದು ನೋವಿನ ವಿಷಯ, ಸಿಟ್ಟಿನ ವಿಷಯವೂ ಹೌದು. ಬೇರೆ ದೇಶದವರು ಪುಕ್ಕಟೆ ಕೊಡುತ್ತಿರುವಾಗ ನಮಗೆ ಬೇರೆ ವ್ಯವಸ್ಥೆ ಯಾಕೆ ಬೇಕಿತ್ತು?

ಕುಕ್ಕರಹಳ್ಳಿ ನಡಿಗೆ (ಮೈಸೂರು) · ರಾತ್ರಿ 10.41

ಯಾಕೆ ಬೇಕಿತ್ತು ಎಂದು ಕಾರ್ಗಿಲ್‌ಗೆ ಹೋಗಿ ಬಂದವರನ್ನು ಕೇಳಿ. 1999ರಲ್ಲಿ ನಮ್ಮ ಸೇನೆ ಜಿಪಿಎಸ್ ಮಾಹಿತಿ ಕೇಳಿದಾಗ ಅಮೆರಿಕ ಕೊಡಲಿಲ್ಲ. ಆ ಅವಮಾನದಿಂದ ಹುಟ್ಟಿದ್ದು ನಾವಿಕ್.

ಕಾವೇರಿ ಮಗಳು (ಮೈಸೂರು, ಹೆಬ್ಬಾಳ) · ರಾತ್ರಿ 11.15

ನಾನು ವಾಹನಗಳಿಗೆ ಹಾಕುವ ಸ್ಥಾನಸೂಚಕ ಉಪಕರಣಗಳ ಮೇಲೆ ಕೆಲಸ ಮಾಡುವವಳು. ನಡಿಗೆ ಅವರೇ, ನಿಮ್ಮ ಭಾವನೆಗೆ ನನ್ನ ಗೌರವ ಇದೆ. ಆದರೆ ಈ ಕಥೆಯನ್ನು ಎಲ್ಲರೂ ತೀರಾ ಸರಳ ಮಾಡಿ ಹೇಳುತ್ತಾರೆ. ಜಿಪಿಎಸ್ ಎಂದರೆ ಕೇಳಿದವರಿಗೆ ಕವರಿನಲ್ಲಿಟ್ಟು ಕೊಡುವ ಮಾಹಿತಿ ಅಲ್ಲ. ಅದರ ಸಂಕೇತ ಮಳೆಯ ಹಾಗೆ ಎಲ್ಲರ ಮೇಲೂ ಬೀಳುತ್ತದೆ. ಆ ಕಾಲದಲ್ಲಿ ಅಮೆರಿಕ ತನ್ನ ಮತ್ತು ತನ್ನ ಮಿತ್ರ ದೇಶಗಳ ಸೇನೆಗಳನ್ನು ಬಿಟ್ಟು ಲೋಕದ ಉಳಿದ ಎಲ್ಲರಿಗೂ ಅದನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ನೂರು ಮೀಟರಿನಷ್ಟು ತಪ್ಪು. ಆ ಮಸುಕನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ. ಪರ್ವತದ ಏಣಿನ ಮೇಲಿರುವ ಬಂಕರ್‌ಗೆ ಗುರಿ ಇಡುವವನಿಗೆ ನೂರು ಮೀಟರ್ ಎಂದರೆ ಇನ್ನೊಂದು ಬೆಟ್ಟವೇ. ಯಾರೂ ‘ಕೊಡುವುದಿಲ್ಲ’ ಎನ್ನಬೇಕಾಗಿಯೇ ಇರಲಿಲ್ಲ, ಗುಂಡಿ ಅವರ ಕೈಯಲ್ಲಿದೆ ಎಂಬುದೇ ಸಾಕಾಗಿತ್ತು.

ನಾಲೆಯಂಚು ಅವರ ಪುಕ್ಕಟೆ ಎಂಬ ಮಾತಿಗೂ ಉತ್ತರ ಇದೇ. ಜಿಪಿಎಸ್ ಮೊದಲು ಸೇನೆಯ ವ್ಯವಸ್ಥೆ, ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ಅದನ್ನು ಹೊಡೆದು ಬೀಳಿಸಿದರು, 269 ಜನ ಸತ್ತರು. ಆಮೇಲೆ ಅಧ್ಯಕ್ಷ ರೇಗನ್ ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರಿಗೂ ಕೊಡುತ್ತೇವೆ ಎಂದು ಘೋಷಿಸಿದರು. ಕೊಟ್ಟದ್ದು ದೊಡ್ಡ ಮನಸ್ಸೇ, ಇಲ್ಲ ಎನ್ನುವುದಿಲ್ಲ. ಆದರೆ ಕೊಟ್ಟವರಿಗೆ ಹಿಂದಕ್ಕೆ ತೆಗೆದುಕೊಳ್ಳಲೂ ಬರುತ್ತದೆ. ಅದಕ್ಕೇ ರಷ್ಯಾ ಗ್ಲೊನಾಸ್ ಮಾಡಿತು, ಯುರೋಪಿನವರು ಗೆಲಿಲಿಯೊ ಮಾಡಿದರು, ಚೀನಾ 2020ರಲ್ಲಿ ಬೈದೌ ಮುಗಿಸಿತು.

ನಾಲೆಯಂಚು · ರಾತ್ರಿ 11.22

ಬೇಕೆಂಬುದನ್ನು ಒಪ್ಪಿದೆ ಅಕ್ಕ. ಆದರೆ ಕೆಟ್ಟದ್ದೇಕೆ?

ಕಾವೇರಿ ಮಗಳು · 2025 ಆಗಸ್ಟ್ 13, ಬೆಳಿಗ್ಗೆ 7.20

ರಾತ್ರಿ ಬರೆಯಲು ಕುಳಿತರೆ ನಿದ್ದೆ ಕೆಡುತ್ತದೆಂದು ಈಗ ಬರೆಯುತ್ತಿದ್ದೇನೆ. ಇದು ನನಗೂ ನೋವಿನ ವಿಷಯ.

2006ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು, 1,420 ಕೋಟಿ ರೂಪಾಯಿಗೆ. ಮೊದಲ ಉಪಗ್ರಹ 1ಎ 2013ರ ಜುಲೈ 1ರಂದು ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋಯಿತು. ಏಳನೆಯದು 1ಜಿ, 2016ರ ಏಪ್ರಿಲ್ 28ರಂದು. ಅವತ್ತೇ ಪ್ರಧಾನಿ ನಾವಿಕ್ ಎಂದು ಹೆಸರಿಟ್ಟರು. ಮೂರು ವರ್ಷದೊಳಗೆ ಏಳು ಉಪಗ್ರಹ, ಒಂದೂ ತಪ್ಪಲಿಲ್ಲ. ಆಗ ಇಸ್ರೊ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್.

ಆಮೇಲೆ ಗಡಿಯಾರ ಕೈಕೊಟ್ಟಿತು. ಪ್ರತಿ ಉಪಗ್ರಹದಲ್ಲಿ ಮೂರು ರುಬಿಡಿಯಂ ಪರಮಾಣು ಗಡಿಯಾರ, ಒಂದು ನಿಂತರೆ ಇನ್ನೊಂದು ಇರಲಿ ಎಂದು. ಎಲ್ಲವೂ ಸ್ವಿಟ್ಜರ್ಲೆಂಡ್‌ನಿಂದ ತರಿಸಿದವು. 1ಎಯಲ್ಲಿ ಮೂರೂ ನಿಂತುಹೋದವು. ಉಪಗ್ರಹದ ರೆಕ್ಕೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಆಂಟೆನಾ ಚೆನ್ನಾಗಿದೆ. ಗಂಟೆ ಎಷ್ಟು ಎಂದು ಮಾತ್ರ ಹೇಳಲಾರದು. ಮೇಷ್ಟ್ರು ಹೇಳಿದಂತೆ ಅದು ಹೇಳಬೇಕಾದ ಎರಡು ಮಾತಿನಲ್ಲಿ ಒಂದು ಹೋಯಿತು. ಬೇರೆ ಕೆಲವು ಉಪಗ್ರಹಗಳಲ್ಲೂ ಹೀಗೇ ಆಯಿತು. ಅಂಥವು ಈಗ ಸಂದೇಶ ಬಿತ್ತರಿಸುವ ಕೆಲಸಕ್ಕೆ ಮಾತ್ರ ಬಳಕೆಯಾಗುತ್ತಿವೆ.

1ಎ ಜಾಗಕ್ಕೆಂದು 2017ರ ಆಗಸ್ಟ್ 31ರಂದು 1ಎಚ್ ಹಾರಿಸಿದರು. ರಾಕೆಟ್ಟಿನ ಮೂತಿಯಲ್ಲಿ ಉಪಗ್ರಹವನ್ನು ಕಾಯುವ ಕವಚ ಕಳಚಲೇ ಇಲ್ಲ. ಉಪಗ್ರಹ ಅದರೊಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲ್‌ನಲ್ಲಿ 1ಐ ಸರಿಯಾಗಿ ಹೋಯಿತು. 2023ರ ಮೇ 29ರಂದು ಹೊಸ ಪೀಳಿಗೆಯ ಮೊದಲ ನಾವಿಕ್ ಉಪಗ್ರಹ ಎನ್‌ವಿಎಸ್-01 ಜಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋಯಿತು. ಅದರಲ್ಲಿ ಅಹಮದಾಬಾದಿನ ಇಸ್ರೊ ಕೇಂದ್ರದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಆ ದಿನ ಕಚೇರಿಯಲ್ಲಿ ಸಿಹಿ ಹಂಚಿದ್ದೆ. ಈ ವರ್ಷ ಜನವರಿ 29ರಂದು ಎನ್‌ವಿಎಸ್-02, ಶ್ರೀಹರಿಕೋಟಾದಿಂದ ನೂರನೇ ಉಡಾವಣೆ. ರಾಕೆಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆಮೇಲೆ ಕಕ್ಷೆ ಏರಿಸಲು ಎಂಜಿನ್‌ಗೆ ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದದ್ದು) ಬಿಡಬೇಕಾದ ಕವಾಟ ತೆರೆಯಲಿಲ್ಲ. ಉಪಗ್ರಹ ಅಂಡಾಕಾರದ ಕಕ್ಷೆಯಲ್ಲೇ ಉಳಿಯಿತು.

ಇಷ್ಟನ್ನೂ ನೋಡಿ ಸೋತಿದೆ ಎನ್ನುತ್ತೀರಾ? ನಾನು ಎನ್ನುವುದಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣವಿಲ್ಲದೆ ಗ್ಲೊನಾಸ್ 2001ರ ಹೊತ್ತಿಗೆ ಏಳೆಂಟು ಉಪಗ್ರಹಕ್ಕೆ ಇಳಿದಿತ್ತು. 2011ರಲ್ಲಿ ಮತ್ತೆ ಇಪ್ಪತ್ನಾಲ್ಕಕ್ಕೆ ತಂದು ನಿಲ್ಲಿಸಿದರು. ಗೆಲಿಲಿಯೊದಲ್ಲೂ 2017ರ ಹೊತ್ತಿಗೆ ಒಂಬತ್ತು ಗಡಿಯಾರ ಕೆಟ್ಟಿದ್ದವು. 2019ರ ಜುಲೈನಲ್ಲಿ ಆ ಇಡೀ ವ್ಯವಸ್ಥೆ ವಾರದ ಮಟ್ಟಿಗೆ ನಿಂತಿತ್ತು. ಅವರ ಬಳಿ ಇಪ್ಪತ್ತಕ್ಕೂ ಹೆಚ್ಚು ಉಪಗ್ರಹ ಇರುವುದರಿಂದ ಕೆಲವು ಹೋದರೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಏಳೇ ಇದ್ದವು. ಒಂದು ಹೋದರೂ ಗೊತ್ತಾಗುತ್ತದೆ.

ನನ್ನ ಸಿಟ್ಟು ಬೇರೆ ಕಡೆ ಇದೆ. 1ಎ ಗಡಿಯಾರ ನಿಂತದ್ದು 2016ರಲ್ಲಿ. ನಮ್ಮ ಗಡಿಯಾರ ಹೊತ್ತ ಎನ್‌ವಿಎಸ್-01 ಹೋದದ್ದು 2023ರಲ್ಲಿ. ಹಳೆಯವುಗಳ ಆಯುಸ್ಸು ಹತ್ತು ವರ್ಷ ಎಂದು ಮೊದಲೇ ಗೊತ್ತಿತ್ತು. ಬದಲಿ ಉಪಗ್ರಹಗಳು ವರ್ಷಕ್ಕೊಂದಾದರೂ ಹಾರಬೇಕಿತ್ತು.

ಭೌತಶಾಸ್ತ್ರದ ಮೇಷ್ಟ್ರು · ಬೆಳಿಗ್ಗೆ 7.45

ಕೊನೆಯ ಪ್ಯಾರಾವನ್ನು ದೆಹಲಿಯಲ್ಲಿರುವವರು ಓದಬೇಕು ತಾಯಿ.

ಬದುವಿನ ಬೇವು · ಬೆಳಿಗ್ಗೆ 8.30

ಹಾಲು ಹಾಕಿ ಬಂದು ಎಲ್ಲವನ್ನೂ ಓದಿದೆ. ಅಕ್ಕ, ನಾಲ್ಕು ಉಪಗ್ರಹ ಸಾಕು ಎಂದು ಮೇಷ್ಟ್ರು ಹೇಳಿದರು. ನಾಲ್ಕು ಇವೆ ಎಂದು ನಾಲೆಯಂಚು ಹೇಳಿದರು. ಹಾಗಾದರೆ ನಾವಿಕ್ ಒಂದರಿಂದಲೇ ನಡೆಯಬೇಕಲ್ಲವೇ?

ಕಾವೇರಿ ಮಗಳು · ಬೆಳಿಗ್ಗೆ 8.52

ಬಹಳ ಸರಿಯಾದ ಪ್ರಶ್ನೆ ಅಣ್ಣ. ಎಣಿಕೆಗೆ ಸಾಕು, ಆದರೆ ಅವು ಆಕಾಶದಲ್ಲಿ ಹರಡಿಕೊಂಡಿರಬೇಕು. ಜಮೀನಿನ ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಹಗ್ಗ ಹಿಡಿದರೆ ನಡುವಿನ ಗೂಟ ಅಲುಗಾಡುವುದಿಲ್ಲ. ಎಲ್ಲರೂ ಒಂದೇ ಕಡೆ ನಿಂತು ಹಿಡಿದರೆ? ಈಗಿರುವ ನಾಲ್ಕರಲ್ಲಿ 1ಬಿ, 1ಐ ಎರಡೂ 55 ಡಿಗ್ರಿ ರೇಖಾಂಶದ ಸುತ್ತ, 1ಎಫ್ 32.5ರಲ್ಲಿ. ಮೂರೂ ನಮಗೆ ಪಶ್ಚಿಮಕ್ಕೆ, ಆಫ್ರಿಕಾ ಮತ್ತು ಅರಬ್ಬಿ ಸಮುದ್ರದ ಕಡೆಗೆ. ಎನ್‌ವಿಎಸ್-01 ಒಂದೇ ಪೂರ್ವಕ್ಕೆ, 129.5ರಲ್ಲಿ. ಏಳೂ ಇದ್ದಾಗ ಪೂರ್ವ, ಪಶ್ಚಿಮ, ನಡುನೆತ್ತಿ ಮೂರೂ ಕಡೆ ಇದ್ದವು.

ಇನ್ನೊಂದು ವಿಷಯ. ನಿಮ್ಮ ಮೊಬೈಲ್ ನಾವಿಕ್ ಒಂದನ್ನೇ ಹಿಡಿಯುವುದಿಲ್ಲ. ಜಿಪಿಎಸ್, ಗ್ಲೊನಾಸ್, ಗೆಲಿಲಿಯೊ, ಬೈದೌ ಸಿಕ್ಕಿದ್ದೆಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಹಳೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ತರಂಗಾಂತರದಲ್ಲಿ ಮಾತನಾಡುತ್ತಿದ್ದವು. ಹೆಚ್ಚಿನ ಮೊಬೈಲ್‌ಗಳಿಗೆ ಕೇಳುತ್ತಿದ್ದದ್ದು ಎಲ್1 ಮಾತ್ರ. 2020ರಿಂದ ಕೆಲವು ಮೊಬೈಲ್ ಚಿಪ್‌ಗಳು ನಾವಿಕ್ ಕಲಿತವು. ಎಲ್1ನಲ್ಲೂ ಮಾತನಾಡಲು ಶುರುಮಾಡಿದ್ದು ಎನ್‌ವಿಎಸ್-01. ನನ್ನ ಪ್ರಕಾರ ಮೊದಲ ಏಳರಲ್ಲೇ ಎಲ್1 ಇಡದೆ ಹೋದದ್ದು ಗಡಿಯಾರಕ್ಕಿಂತ ದೊಡ್ಡ ತಪ್ಪು. ಜನರ ಕಿಸೆಗೆ ತಲುಪಲು ಹತ್ತು ವರ್ಷ ತಡವಾಯಿತು.

ಹಳೆ ಸರಪಳಿ · ಬೆಳಿಗ್ಗೆ 9.30

ಹಗ್ಗದ ಹೋಲಿಕೆ ಸರಿಯಾಗಿದೆ. ತ್ರಿಕೋನ ಚಪ್ಪಟೆಯಾದರೆ ಅಳತೆ ಕೆಡುತ್ತದೆ ಎಂದು ನಮಗೂ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು.

ರಂಗನತಿಟ್ಟು (ಶ್ರೀರಂಗಪಟ್ಟಣ) · ಬೆಳಿಗ್ಗೆ 10.10

ತ್ರಿಕೋನ ಎಂದಿರಿ, ಸುಮ್ಮನಿರಲಾಗಲಿಲ್ಲ. ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸಮೀಕ್ಷೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷ್ ಸೇನೆಯಲ್ಲಿದ್ದವನು. ರಾತ್ರಿಯ ನಡಿಗೆಯಲ್ಲಿ ಅವನಿದ್ದ ದಳ ದಿಕ್ಕು ತಪ್ಪಿ ಟಿಪ್ಪುವಿನ ಸೇನೆಯ ಕಡೆಗೇ ಹೋಗುತ್ತಿತ್ತು. ಅವನು ನಕ್ಷತ್ರಗಳನ್ನು ನೋಡಿ ತಪ್ಪನ್ನು ಕಂಡುಹಿಡಿದ. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಮೂಲಕ ಎರಡು ಕರಾವಳಿಗಳನ್ನೂ ಸೇರಿಸಿ ಅಳೆಯುವ ಯೋಜನೆ ಮುಂದಿಟ್ಟ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರ ರೇಖೆ ಅಳೆಯಲು ತೊಡಗಿದ. ಆಕಾಶ ನೋಡಿ ನೆಲದ ಮೇಲೆ ತಾನೆಲ್ಲಿದ್ದೇನೆ ಎಂದು ತಿಳಿಯುವ ಕೆಲಸ ಇದೇ ನೆಲದಲ್ಲಿ ಇನ್ನೂರು ವರ್ಷದ ಹಿಂದೆ ನಡೆದಿದೆ.

ಕುಕ್ಕರಹಳ್ಳಿ ನಡಿಗೆ · ಬೆಳಿಗ್ಗೆ 10.24

ನಮ್ಮ ಊರನ್ನು ಮುತ್ತಿದವನ ಜಾಣತನವನ್ನು ಹೀಗೆ ಹೊಗಳಬೇಕೇ? ಆ ನಕ್ಷತ್ರ ಕಾಣದೆ ಹೋಗಿದ್ದರೆ ಒಳ್ಳೆಯದಿತ್ತು. ಟಿಪ್ಪುವಿನ ರಾಕೆಟ್ ನೆನಪಾಗಲಿಲ್ಲವೇ? ಕಬ್ಬಿಣದ ಕೊಳವೆಯ ರಾಕೆಟ್ ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.

ರಂಗನತಿಟ್ಟು · ಬೆಳಿಗ್ಗೆ 10.31

ನೆನಪಿದೆ ಸ್ವಾಮಿ, ದಿನಾ ಆ ಕೋಟೆಯ ಪಕ್ಕದಲ್ಲೇ ಓಡಾಡುತ್ತೇನೆ. ವಿದ್ಯೆ ಯಾರದಾದರೂ ವಿದ್ಯೆಯೇ ಎಂದಷ್ಟೇ ಹೇಳಿದೆ.

ನಿರ್ವಾಹಕರು · ಬೆಳಿಗ್ಗೆ 10.40

ಟಿಪ್ಪು ಕುರಿತ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ಇಲ್ಲಿ ಗದ್ದೆ ಮತ್ತು ಉಪಗ್ರಹಕ್ಕೆ ಬನ್ನಿ.

ಹೇಮಾವತಿ ದಂಡೆ (ಕೆ.ಆರ್. ಪೇಟೆ) · ಮಧ್ಯಾಹ್ನ 1.15

ಯಾರೂ ಹಾಸನದ ಹೆಸರನ್ನೇ ಎತ್ತಲಿಲ್ಲ. ನಾವಿಕ್ ಉಪಗ್ರಹ ರಾಕೆಟ್ಟಿನಿಂದ ಬಿಡಿಸಿಕೊಂಡ ಮೇಲೆ ಅದನ್ನು ಕೈಗೆ ತೆಗೆದುಕೊಳ್ಳುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಅದು ಶುರುವಾದದ್ದು 1982ರಲ್ಲಿ. ಕಕ್ಷೆ ಏರಿಸುವ ಆಜ್ಞೆಗಳು ಹೋಗುವುದು ಅಲ್ಲಿಂದ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ನಾವಿಕ್ ಕೇಂದ್ರ ಇದೆ. ಇಡೀ ವ್ಯವಸ್ಥೆಯ ಕಾಲವನ್ನು ಅಲ್ಲಿನ ಪರಮಾಣು ಗಡಿಯಾರಗಳು ಇಟ್ಟುಕೊಂಡಿವೆ. ಹೇಮಾವತಿ ನೀರು ನಮ್ಮ ಕೆ.ಆರ್.ಎಸ್. ಅಣೆಕಟ್ಟೆಗೆ ಬರುವ ಹಾಗೆ ಈ ಕೆಲಸವೂ ನಮ್ಮ ಸುತ್ತಮುತ್ತಲೇ ನಡೆಯುತ್ತಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಶಾಲೆಗಳು ಬೇಲೂರು, ಹಳೇಬೀಡು ನೋಡಿ ಬರುವಾಗ ಆ ದೊಡ್ಡ ಆಂಟೆನಾಗಳ ಬಗ್ಗೆ ಒಂದು ಮಾತಾದರೂ ಹೇಳಲಿ.

ತೆಂಗಿನಗರಿ · ಮಧ್ಯಾಹ್ನ 1.40

ನನ್ನ ತೋಟದಲ್ಲಿ ತೆಂಗಿನ ಮರಗಳ ಕೆಳಗೆ ನಿಂತರೆ ಮೊಬೈಲಿನ ಚುಕ್ಕಿ ಕುಣಿದಾಡುತ್ತದೆ. ಬಯಲಿಗೆ ಬಂದರೆ ನಿಲ್ಲುತ್ತದೆ. ಇದು ನನ್ನ ಭ್ರಮೆಯೇ?

ಕಾವೇರಿ ಮಗಳು · ಮಧ್ಯಾಹ್ನ 2.05

ಭ್ರಮೆ ಅಲ್ಲ. ಸಂಕೇತ ಬಹಳ ಕ್ಷೀಣ, ಗರಿಗಳು ಅದನ್ನು ಇನ್ನಷ್ಟು ಹೀರುತ್ತವೆ. ಮೈಸೂರಿನ ಅಗ್ರಹಾರದ ಸಂದಿಗಳಲ್ಲೂ ಹೀಗೇ, ಗೋಡೆಗೆ ಬಡಿದು ಬಂದ ಸಂಕೇತ ಸುತ್ತುಬಳಸಿ ಬರುವುದರಿಂದ ದೂರ ಜಾಸ್ತಿ ಎಂದು ಮೊಬೈಲ್ ಲೆಕ್ಕ ಹಾಕುತ್ತದೆ. ಮೇಲಿನ ಅಯಾನುಗೋಳವೂ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವೂ, ಸಂಕೇತವನ್ನು ತಡಮಾಡುತ್ತದೆ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಅದರ ಏರಿಳಿತ ನಮ್ಮಲ್ಲಿ ಹೆಚ್ಚು, ಅದರಲ್ಲೂ ಸೂರ್ಯ ಮುಳುಗಿದ ಮೇಲೆ. ವಿಮಾನಗಳಿಗಾಗಿ ಜಿಪಿಎಸ್ ತಿದ್ದುವ ಗಗನ್ ಎಂಬ ವ್ಯವಸ್ಥೆಯನ್ನು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದಾಗ ಅವರಿಗೆ ಅತಿ ಕಷ್ಟ ಕೊಟ್ಟದ್ದೂ ಇದೇ. ಬೇವಣ್ಣ, ನಿಮ್ಮ ಗದ್ದೆಯ ಪಕ್ಕ ಮರಗಳಿವೆಯೇ?

ಬದುವಿನ ಬೇವು · ಮಧ್ಯಾಹ್ನ 2.20

ಪೂರ್ವದ ಬದುವಿನ ಉದ್ದಕ್ಕೂ ತೆಂಗಿನ ಸಾಲು. ಅಪ್ಪ ನೆಟ್ಟದ್ದು.

ಕಾವೇರಿ ಮಗಳು · ಮಧ್ಯಾಹ್ನ 2.22

ಹಾಗಾದರೆ ನಿಮ್ಮ ಏಳು ಗುಂಟೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅಲ್ಲಿಯೇ ಇದೆ.

ಲಾರಿ 275 · ಸಂಜೆ 6.30

ನನ್ನ ಗಾಡಿಯಲ್ಲೂ ಒಂದು ಸ್ಥಾನಸೂಚಕ ಪೆಟ್ಟಿಗೆ ಇದೆ, ಕೆಂಪು ಗುಂಡಿಯ ಜೊತೆ. ಅದರಲ್ಲಿ ನಾವಿಕ್ ಇದೆಯೇ ಅಕ್ಕ?

ಕಾವೇರಿ ಮಗಳು · ಸಂಜೆ 6.48

2019ರ ಏಪ್ರಿಲ್‌ನಿಂದ ಆ ಬಗೆಯ ಪೆಟ್ಟಿಗೆಗಳಲ್ಲಿ ನಾವಿಕ್ ಇರಲೇಬೇಕೆಂಬ ನಿಯಮ ಇದೆ. ಅಪಾಯದಲ್ಲಿ ಗುಂಡಿ ಒತ್ತಿ, ಸುಮ್ಮನೆ ಪರೀಕ್ಷೆಗೆಂದು ಒತ್ತಬೇಡಿ. ನಮ್ಮ ಮೈಸೂರಿನ ಸಿಟಿ ಬಸ್‌ಗಳಲ್ಲಿ 2012ರಲ್ಲೇ ಜಿಪಿಎಸ್ ಕೂರಿಸಿ ನಿಲ್ದಾಣದ ಫಲಕದಲ್ಲಿ ಬಸ್ ಬರುವ ಹೊತ್ತು ತೋರಿಸಲು ಶುರುಮಾಡಿದ್ದರು. ಆಗ ನಾನು ಕಾಲೇಜಿನಲ್ಲಿದ್ದೆ. ಆ ಫಲಕ ನೋಡಿಯೇ ಈ ಕೆಲಸಕ್ಕೆ ಬಂದವಳು.

ಹಳೆ ಸರಪಳಿ · ರಾತ್ರಿ 8.10

ಮೂಲ ಪ್ರಶ್ನೆಗೆ ಕೊನೆಯದಾಗಿ ಒಂದು ಮಾತು. ಈಗ ಸರ್ವೆಯವರು ಸರಪಳಿ ತರುವುದಿಲ್ಲ, ರೋವರ್ ತರುತ್ತಾರೆ. ಕೋಲಿನ ತುದಿಯಲ್ಲಿ ಬಿಳಿಯ ಟೋಪಿಯಂಥದ್ದು ಇರುತ್ತದೆ. ಅದೂ ಇದೇ ಉಪಗ್ರಹಗಳನ್ನೇ ಕೇಳುವುದು. ವ್ಯತ್ಯಾಸ ಏನೆಂದರೆ, ಜಾಗ ನಿಖರವಾಗಿ ಗೊತ್ತಿರುವ ಸ್ಥಿರ ಕೇಂದ್ರವೊಂದು ಅದೇ ಕ್ಷಣದಲ್ಲಿ ಉಪಗ್ರಹಗಳನ್ನು ಕೇಳಿ, ಅವು ಎಷ್ಟು ತಪ್ಪುತ್ತಿವೆ ಎಂದು ರೋವರಿಗೆ ತಿಳಿಸುತ್ತಿರುತ್ತದೆ. ಆ ತಪ್ಪನ್ನು ಕಳೆದರೆ ಎರಡು ಮೂರು ಸೆಂಟಿಮೀಟರಿಗೆ ಬರುತ್ತದೆ. ಅಂಥ ಸ್ಥಿರ ಕೇಂದ್ರಗಳ ಜಾಲವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ನಮ್ಮ ರಾಜ್ಯದಲ್ಲೂ ಹಾಕಿದೆ.

ಆದರೂ ರೋವರ್ ಅಳೆಯುವುದು ಈಗಿನ ಬದುವನ್ನು. ನಿಜವಾದ ಗಡಿ ಇರುವುದು ಹಳೆಯ ಟಿಪ್ಪಣಿಯಲ್ಲಿ, ಅಂದರೆ ಹಿಂದಿನ ಸರ್ವೆಯ ಅಳತೆಯ ದಾಖಲೆಯಲ್ಲಿ. ಅಳತೆಗೆ ಬಂದವರ ಹತ್ತಿರ ಟಿಪ್ಪಣಿ ನಕಲು ಇದೆಯೇ ಎಂದು ಕೇಳಿ. ದಾಯಾದಿಗಳಿಗೂ ನೋಟಿಸು ಹೋಗುತ್ತದೆ. ಅದಕ್ಕೆ ಮುಂಚೆ ನೀವೇ ಹೋಗಿ ಹೇಳಿದರೆ ಒಳ್ಳೆಯದು.

ಬದುವಿನ ಬೇವು · 2025 ಸೆಪ್ಟೆಂಬರ್ 21, ರಾತ್ರಿ 9.00

ತಡವಾಗಿ ಬರೆಯುತ್ತಿದ್ದೇನೆ. ಅಳತೆ ಆಯಿತು.

ಹಳೆ ಸರಪಳಿ ಅವರು ಹೇಳಿದಂತೆ ನಾನೇ ಮೊದಲು ದಾಯಾದಿಗಳ ಮನೆಗೆ ಹೋಗಿ, ಅವತ್ತು ಆಪ್ ನಂಬಿ ಮಾತನಾಡಿದ್ದು ತಪ್ಪಾಯಿತು ಎಂದು ಹೇಳಿದೆ. ದೊಡ್ಡಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಳತೆಯ ದಿನ ಅವರೇ ಗುದ್ದಲಿ ಹಿಡಿದು ಬಂದರು. ಸರ್ವೆಯವರು ಟಿಪ್ಪಣಿ ನೋಡಿ ರೋವರ್ ಊರಿದ ಜಾಗದಲ್ಲಿ ಒಂದೂವರೆ ಅಡಿ ಅಗೆದಾಗ ಬಾಂದು ಕಲ್ಲು ಸಿಕ್ಕಿತು. ಬದು ನಡುವೆ ಬಾಗಿದೆ. ಉತ್ತರದ ತುದಿಯಲ್ಲಿ ಅವರು ನನ್ನ ಕಡೆಗೆ ಬಂದಿದ್ದಾರೆ, ದಕ್ಷಿಣದ ತುದಿಯಲ್ಲಿ ನಾವು ಅವರ ಕಡೆಗೆ ಹೋಗಿದ್ದೇವೆ. ಎರಡೂ ಸೇರಿ ಮುಕ್ಕಾಲು ಗುಂಟೆಯೂ ಇಲ್ಲ. ಈ ಕಬ್ಬು ಕಡಿದ ಮೇಲೆ ಬದುವನ್ನು ನೇರ ಮಾಡುವುದೆಂದು ಇಬ್ಬರೂ ಸಹಿ ಹಾಕಿದ್ದೇವೆ.

ಹಳೆ ಸರಪಳಿ · ರಾತ್ರಿ 9.06

ಕಲ್ಲು ಸಿಕ್ಕಿತಲ್ಲ! ಬಹಳ ಸಂತೋಷ. ಅದನ್ನು ಮತ್ತೆ ಮುಚ್ಚಬೇಡಿ, ಮೇಲೆ ಕಾಣುವಂತೆ ನಿಲ್ಲಿಸಿ.

ಕಾವೇರಿ ಮಗಳು · ರಾತ್ರಿ 9.20

ಅಣ್ಣ, ರೋವರಿನ ಪರದೆಯಲ್ಲಿ ಉಪಗ್ರಹಗಳ ಪಟ್ಟಿ ಕಾಣುತ್ತದೆ. ನೋಡಿದಿರಾ?

ಬದುವಿನ ಬೇವು · ರಾತ್ರಿ 9.34

ಕೇಳಿ ನೋಡಿದೆ ಅಕ್ಕ. ಒಟ್ಟು ಮೂವತ್ತಕ್ಕೂ ಹೆಚ್ಚು ಇದ್ದವು, ಅಮೆರಿಕ, ಚೀನಾ, ರಷ್ಯಾ, ಯುರೋಪು ಎಲ್ಲರದೂ. ನಮ್ಮವು ಮೂರು. ನಾಲ್ಕನೆಯದು ಎಲ್ಲಿ ಎಂದು ಸರ್ವೆ ಹುಡುಗನನ್ನು ಕೇಳಿದೆ, ಅವನಿಗೆ ತಿಳಿಯಲಿಲ್ಲ. ನಾನೇ ಹೇಳಿದೆ, ಅದು ಪೂರ್ವದಲ್ಲಿದೆ, ನಮ್ಮ ಅಪ್ಪನ ತೆಂಗಿನ ಸಾಲಿನ ಹಿಂದೆ ಎಂದು. ಅವನು ಕೋಲನ್ನು ಎತ್ತಿಕೊಂಡು ಗದ್ದೆಯ ನಡುವಿಗೆ ಬಂದು ನಿಂತ. ಸ್ವಲ್ಪ ಹೊತ್ತಿಗೆ ನಾಲ್ಕು ಎಂದು ತೋರಿಸಿತು.